ಕೃಷ್ಣಮೃಗದ ಕೊಂಬಿನ ನಡುವೆ ಕ್ರಿಸ್‌ಮಸ್ ನಕ್ಷತ್ರ

ಗಂಡು ಕೃಷ್ಣಮೃಗದ ಎದುರಿಗೆ ನಿಂತು ನೋಡಿದರೆ ಅದರ ಎರಡು ಕೊಂಬು ಮೇಲಕ್ಕೆ ಹೋಗ್ತಾ ಅಗಲವಾಗುತ್ತವೆ. ನಡುವಿನ ಖಾಲಿ ಜಾಗ ನಕ್ಷತ್ರ ಇಡಲು ಹೇಳಿ ಮಾಡಿಸಿದಂತಿದೆ. ಹಿಮ ಕಾಣದ ತುಮಕೂರಿನಲ್ಲಿ ಹಿಮಸಾರಂಗದ ಕ್ರಿಸ್‌ಮಸ್ ಕಾರ್ಡು ಯಾಕೆ? ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಲ್ಲಿ ಕೃಷ್ಣಮೃಗದ ಹಿಂಡೇ ಇದೆ ಅಲ್ವಾ?

ಕೃಷ್ಣಮೃಗದ ಕಾರ್ಡನ್ನು ನಾವೇ ಮಾಡೋಣ. ದಪ್ಪ ಡ್ರಾಯಿಂಗ್ ಹಾಳೆ ಇರಲಿ. ಎ4 ಅಳತೆಯದನ್ನು ಅರ್ಧಕ್ಕೆ ಕತ್ತರಿಸಿ, ಆ ಅರ್ಧವನ್ನು ಮತ್ತೆ ಮಡಿಚಿ. ಅಂಚೆ ಕಾರ್ಡಿಗಿಂತ ತುಸು ದೊಡ್ಡ ಕಾರ್ಡು ಸಿಗುತ್ತದೆ. ಮಡಿಚುವ ಮೊದಲು ರೀಫಿಲ್ ಮುಗಿದ ಪೆನ್ನಿಂದ ಸ್ಕೇಲ್ ಹಿಡಿದು ಒತ್ತಿ ಗೆರೆ ಎಳೆಯಿರಿ. ಇಲ್ಲದಿದ್ದರೆ ಮಡಿಕೆ ಸೊಟ್ಟಗಾಗುತ್ತದೆ.

ಈಗ ಪೆನ್ಸಿಲ್. ತಲೆ, ಕತ್ತು ಮಾತ್ರ ಸಾಕು, ಇಡೀ ಪ್ರಾಣಿ ಬೇಡ. ಹಾಳೆಯ ಕೆಳಗಿನ ಅರ್ಧದಲ್ಲಿ ಮುಖ, ಮೇಲಿನ ಅರ್ಧ ಪೂರ್ತಿ ಕೊಂಬಿಗೆ. ಮೊದಲು ಎರಡು ನೇರ ಗೆರೆ ಎಳೆದು, ಆಮೇಲೆ ಅದರ ಸುತ್ತ ಹಗ್ಗ ಹೊಸೆದ ಹಾಗೆ ತಿರುಪು ಬರೆಯಿರಿ. ಬೆಳೆದ ಗಂಡಿಗೆ ಮೂರ್ನಾಲ್ಕು ತಿರುಪು ಇರುತ್ತವೆ. ಕವಲು ಮಾತ್ರ ಹಾಕಬೇಡಿ. ಕವಲೊಡೆಯುವುದು, ವರ್ಷಕ್ಕೊಮ್ಮೆ ಉದುರುವುದು ಹಿಮಸಾರಂಗದ ಕೊಂಬು. ಕೃಷ್ಣಮೃಗದ್ದು ಉದುರುವುದಿಲ್ಲ.

ಹೆಸರಲ್ಲಿ ಕೃಷ್ಣ ಇದೆ ಅಂತ ಸುಮ್ನೆ ಕಪ್ಪು ಬಳಿಯಬೇಡಿ. ನಾನು ಹಾಗೆ ಮಾಡಿ, ಮೊದಲ ಕಾರ್ಡಲ್ಲಿ ಮೃಗದ ಬದಲು ಇದ್ದಿಲ ತುಂಡು ಮೂಡಿತ್ತು. ಕಡು ಕಂದು ಹಚ್ಚಿ, ಅದು ಒಣಗಿದ ಮೇಲೆ ನೆರಳಿರುವ ಕಡೆ ಮಾತ್ರ ಕಪ್ಪು. ಕಣ್ಣಿನ ಸುತ್ತಲಿನ ಬಿಳಿ ಬಳೆಯನ್ನು, ಗದ್ದದ ಬಿಳಿಯನ್ನು ಬಣ್ಣ ಹಾಕದೆ ಹಾಗೇ ಬಿಡಿ. ಮುಖಕ್ಕೆ ಜೀವ ಬರುವುದೇ ಅಲ್ಲಿ. ಹಿನ್ನೆಲೆಗೆ ಡಿಸೆಂಬರ್‌ನ ಒಣ ಹುಲ್ಲಿನ ಹಳದಿ ಇರಲಿ. ನಕ್ಷತ್ರ ಒಂದೇ ಕೆಂಪು. ಕತ್ತಿಗೆ ಗಂಟೆ, ತಲೆಗೆ ಸಾಂತಾ ಟೋಪಿ ಬೇಡವೇ ಬೇಡ. ಕಾಡು ಪ್ರಾಣಿ ಅದು, ಸರ್ಕಸ್ಸಿನದ್ದಲ್ಲ.

ಅಕ್ಷರ ಕೊನೆಗೆ. ‘ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು’ ಅಂತ ಪೆನ್ಸಿಲ್‌ನಲ್ಲಿ ಬರೆದು ನೋಡಿ, ಜಾಗ ಸಾಲುತ್ತದೆ ಅನ್ನಿಸಿದ ಮೇಲೆ ಪೆನ್ನು ಹಿಡಿಯಿರಿ. ಕನ್ನಡದ ಒತ್ತಕ್ಷರಕ್ಕೆ ಕೆಳಗೂ ಜಾಗ ಬೇಕು, ಮರೆಯಬೇಡಿ.

ಮಕ್ಕಳಿಗೆ ಕೊಂಬಿನ ತಿರುಪು ಕಷ್ಟ ಆಗಬಹುದು. ಅವರಿಗೆ ಶಿರಾ ತಾಲ್ಲೂಕಿನ ಕಗ್ಗಲಡು ಇದೆ. ಅಲ್ಲಿ ಬಣ್ಣದ ಕೊಕ್ಕರೆ (ಪೇಂಟೆಡ್ ಸ್ಟಾರ್ಕ್) ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರದಲ್ಲಿ. ಹಸಿರು ಮರ ಬರೆದು ಅದರ ತುಂಬ ಬಿಳಿ ಕೊಕ್ಕರೆ ಕೂರಿಸಿ, ಬಾಲದ ಹತ್ತಿರ ಒಂದು ಚುಕ್ಕೆ ಗುಲಾಬಿ ಬಣ್ಣ ಇಡಲಿ. ಕ್ರಿಸ್‌ಮಸ್ ಟ್ರೀ ರೆಡಿ.