ರಿಫೈನರ್‌ನ ವಿದ್ಯುತ್ತಿಗೆ ಲೆಕ್ಕ ಇಡುವ ಬಗೆ

ತಾಳವಾಡಿಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲ, ಈರೋಡು ಕಡೆಯ ಪೇಪರ್ ಮಿಲ್ಲುಗಳಲ್ಲಿ ಪಾಳಿ ಮಾಡುವ ನಮ್ಮವರು ರಿಫೈನರ್ (ತಿರುಳಿನ ನಾರನ್ನು ಪ್ಲೇಟುಗಳ ನಡುವೆ ಅರೆಯುವ ಯಂತ್ರ) ಮುಂದೆ ನಿಂತಾಗ ಮೊದಲು ನೋಡುವುದು ಮೋಟರಿನ ಲೋಡನ್ನು, ಅಂದರೆ ಅದು ಎಳೆಯುವ ವಿದ್ಯುತ್ತನ್ನು. ಆದರೆ ಆ ಅಂಕಿಯಲ್ಲಿ ಒಂದು ಪಾಲು ಮಾತ್ರ ನಾರನ್ನು ಅರೆಯುತ್ತದೆ. ಉಳಿದದ್ದು ಪ್ಲೇಟುಗಳು ತಿರುಳುನೀರನ್ನು ಬರಿದೇ ಕಡೆಯುವುದಕ್ಕೆ ಹೋಗುತ್ತದೆ.

ಈ ಎರಡನೆಯದು ನೋ-ಲೋಡ್. ತಿರುಳು ಎಂದಿನ ಪ್ರಮಾಣದಲ್ಲಿ ಹರಿಯುತ್ತಿರುವಾಗಲೇ ಪ್ಲೇಟುಗಳನ್ನು ಪೂರ್ತಿ ಹಿಂದಕ್ಕೆ ಸರಿಸಿ ಅದನ್ನು ಓದಿಕೊಳ್ಳಬೇಕು. ಪ್ಲೇಟು ಸವೆದಂತೆ ಅದು ಬದಲಾಗುವುದರಿಂದ ಹೊಸ ಪ್ಲೇಟು ಹಾಕಿದಾಗ ಒಮ್ಮೆ, ನಡುವೆ ಇನ್ನೊಮ್ಮೆ ಓದಿ ಬರೆದಿಡುವುದು ಒಳ್ಳೆಯದು.

ಲೆಕ್ಕ ಹೀಗೆ: ಮೋಟರ್ 400 ಕಿಲೋವ್ಯಾಟ್ ಎಳೆಯುತ್ತಿದ್ದು ನೋ-ಲೋಡ್ 120 ಆಗಿದ್ದರೆ ನಾರಿಗೆ ಸೇರುವುದು 280. ಗಂಟೆಗೆ 100 ಘನ ಮೀಟರ್ ತಿರುಳು ಶೇಕಡಾ 4ರ ಕನ್ಸಿಸ್ಟೆನ್ಸಿಯಲ್ಲಿ (ತಿರುಳುನೀರಿನಲ್ಲಿ ಒಣನಾರಿನ ಪಾಲು) ಹರಿದರೆ ಒಣನಾರು 4 ಟನ್, ಅಂದರೆ ಟನ್ನಿಗೆ 70 ಯೂನಿಟ್. ಕನ್ಸಿಸ್ಟೆನ್ಸಿ ಯಾರ ಗಮನಕ್ಕೂ ಬಾರದೆ 3.2ಕ್ಕೆ ಇಳಿದರೆ, ಮೀಟರಿನ ಅಂಕಿ ಕದಲದಿದ್ದರೂ ಅದೇ ಲೆಕ್ಕ 87.5 ಆಗುತ್ತದೆ. ನಾರು ಬೇಕಿಲ್ಲದಷ್ಟು ಅರೆದು ವೈರ್ (ತಿರುಳು ಹರಡುವ ಜಾಲರಿ) ಮೇಲೆ ನೀರು ಬಸಿಯುವುದು ನಿಧಾನವಾಗುತ್ತದೆ, ಡ್ರೈಯರಿನಲ್ಲಿ ಹಬೆಯೂ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಲೋಡನ್ನು ಒಂದೇ ಅಂಕಿಗೆ ಕಟ್ಟಿಹಾಕದೆ, ಟನ್ನಿನ ಲೆಕ್ಕಕ್ಕೆ ತಕ್ಕಂತೆ ಹೊಂದಿಸಬೇಕು. ಕನ್ಸಿಸ್ಟೆನ್ಸಿ ಮೀಟರನ್ನು ಪ್ರಯೋಗಾಲಯದ ಅಳತೆಯೊಂದಿಗೆ ತಾಳೆ ನೋಡದೆ ಈ ಲೆಕ್ಕ ನಿಲ್ಲುವುದಿಲ್ಲ.

ದೊಡ್ಡ ಉಳಿತಾಯ ಇರುವುದು ಅರ್ಧ ಲೋಡಿನಲ್ಲಿ ಓಡುವ ಜೋಡಿ ರಿಫೈನರ್‌ಗಳಲ್ಲಿ. ತಲಾ 200 ಕಿಲೋವ್ಯಾಟ್ ಎಳೆಯುವ ಎರಡರಿಂದ, ನೋ-ಲೋಡ್ ತಲಾ 120 ಕಳೆದರೆ, ನಾರಿಗೆ ಸಿಗುವುದು 160 ಮಾತ್ರ. ಒಂದನ್ನೇ 280ಕ್ಕೆ ಓಡಿಸಿದರೂ ಅಷ್ಟೇ ಸಿಗುತ್ತದೆ, ದಿನಕ್ಕೆ 2,880 ಯೂನಿಟ್ ಉಳಿಯುತ್ತದೆ. ಹಾಗೆಂದು ಕೂಡಲೇ ಸ್ವಿಚ್ ಆರಿಸಬಾರದು. ಒಂದೇ ಯಂತ್ರ ಅಷ್ಟೂ ಕೆಲಸ ಮಾಡಿದರೆ ಪ್ಲೇಟಿನ ಬಾರ್‌ಗಳು (ಮೇಲೆದ್ದ ಏಣುಗಳು) ನಾರಿಗೆ ಕೊಡುವ ಪ್ರತಿ ಏಟೂ ಬಿರುಸಾಗುತ್ತದೆ; ನೀಲಗಿರಿ, ಸರ್ವೆ ಮರದ ಗಿಡ್ಡ ನಾರು ಆ ಬಿರುಸನ್ನು ತಾಳದೆ ತುಂಡಾಗುತ್ತದೆ. ಒಂದೇ ಯಂತ್ರದ ಮೇಲೆ ಹೊರೆ ಹಾಕುವ ಮುನ್ನ ಬಾರ್‌ಗಳು ಸಣ್ಣಗಿದ್ದು ಒತ್ತಾಗಿರುವ ಪ್ಲೇಟನ್ನು ಹಾಕಿ, ಕಾಗದ ಹರಿದುಹೋಗದೆ ತಾಳುವ ಬಲವನ್ನು ಪರೀಕ್ಷಿಸಬೇಕು.

ವೇಗ ಬದಲಿಸುವ ಡ್ರೈವ್ ಇದ್ದರೆ ಇನ್ನೊಂದು ದಾರಿಯಿದೆ: ನೋ-ಲೋಡ್ ಸುಮಾರಾಗಿ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ ವೇಗವನ್ನು ಶೇಕಡಾ 10ರಷ್ಟು ತಗ್ಗಿಸಿದರೆ ಅದು ಕಾಲುಭಾಗಕ್ಕೂ ಹೆಚ್ಚು ಇಳಿಯುತ್ತದೆ. ಇಲ್ಲಿಯೂ ಏಟು ಬಿರುಸಾಗುತ್ತದೆ, ಅದೇ ಪರೀಕ್ಷೆ ಬೇಕು.

ಕಾಗದ ಹರಿದು ಮಷಿನ್ ನಿಂತಾಗ ಪ್ಲೇಟುಗಳನ್ನು ತಡಮಾಡದೆ ಹಿಂದೆ ಸರಿಸಿ. ಇಲ್ಲದಿದ್ದರೆ ಸುತ್ತಿ ಬರುವ ಅದೇ ತಿರುಳನ್ನು ಮತ್ತೆ ಮತ್ತೆ ಅರೆದಂತಾಗಿ, ಮಷಿನ್ ಮತ್ತೆ ಹೊರಟಾಗ ಫ್ರೀನೆಸ್ (ತಿರುಳಿನಿಂದ ನೀರು ಎಷ್ಟು ಬೇಗ ಬಸಿಯುತ್ತದೆ ಎಂಬ ಅಳತೆ) ಎಲ್ಲಿಗೋ ಇಳಿದಿರುತ್ತದೆ.