ಏಳು ದಿನದ ರಜೆಯಲ್ಲಿ ದಿಲ್ಲಿ: ಒಬ್ಬರಿಗೆ ಒಂದು ಜಾಗ

ನಮ್ಮ ಮನೆಯ ಐದೂ ಜನ ಒಟ್ಟಿಗೆ ಕುಳಿತು ಉಣ್ಣುವುದು ವಾರಕ್ಕೆ ಒಮ್ಮೆ, ಭಾನುವಾರ ರಾತ್ರಿ. ನಾನು ಕಲಬುರಗಿಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ ಮಾಡುವವಳು, ಪಾಳಿಯ ಕೆಲಸ. ನಮ್ಮ ಮನೆಯವರು ದಾಲ್ ಮಿಲ್ಲೊಂದಕ್ಕೆ ತೊಗರಿ ಖರೀದಿ ನೋಡಿಕೊಳ್ಳುತ್ತಾರೆ. ಗಂಜಿಗೆ, ಅಂದರೆ ನಮ್ಮೂರಿನ ಧಾನ್ಯದ ಮಾರುಕಟ್ಟೆಗೆ, ಹೊಸ ತೊಗರಿ ಬರತೊಡಗಿತೆಂದರೆ ಸಂಕ್ರಾಂತಿಯಿಂದ ಹೋಳಿ ಹುಣ್ಣಿಮೆಯವರೆಗೆ ಮಕ್ಕಳು ಎಚ್ಚರವಿರುವಾಗ ಅವರು ಮನೆಗೆ ಬರುವುದೇ ಅಪರೂಪ. ಮಗಳು ಒಂಬತ್ತನೇ ತರಗತಿ, ಮಗ ಎರಡನೇ ತರಗತಿ. ಅತ್ತೆಗೆ ಅರವತ್ತೆಂಟು ವರ್ಷ, ಎರಡೂ ಮೊಣಕಾಲು ನೋವು.

ಮಕ್ಕಳದು ಕೇಂದ್ರ ಪಠ್ಯಕ್ರಮದ ಶಾಲೆ. ಮಾರ್ಚ್ ನಡುವೆ ಪರೀಕ್ಷೆ ಮುಗಿದು ಏಪ್ರಿಲ್ ಮೊದಲ ವಾರಕ್ಕೆ ಹೊಸ ತರಗತಿ ಶುರುವಾಗುತ್ತದೆ. ನಡುವಿನ ಆ ಹದಿನೈದು ದಿನಗಳಲ್ಲೇ ಗಂಜಿನ ಗದ್ದಲವೂ ತಗ್ಗುತ್ತದೆ. ದಿಲ್ಲಿಗೆ ಹೋಗುವುದಾದರೆ ಆಗಲೇ ಹೋಗಬೇಕು. ಏಪ್ರಿಲ್ ಕಳೆದರೆ ಅಲ್ಲಿಯ ಬಿಸಿಲು ನಮ್ಮ ಬಿಸಿಲಿಗೇನೂ ಕಡಿಮೆಯಿಲ್ಲ, ಜನವರಿಯ ಚಳಿಯನ್ನು ಅತ್ತೆಯ ಮೊಣಕಾಲು ತಾಳುವುದಿಲ್ಲ. ನನಗೆ ಸಿಕ್ಕಿದ್ದು ಏಳು ದಿನದ ರಜೆ, ಅದಕ್ಕೂ ಮೂವರ ಪಾಳಿಯನ್ನು ಮೊದಲೇ ನಾನು ಮಾಡಿಕೊಟ್ಟಿದ್ದೆ. ಶನಿವಾರ ಹೊರಟು ಮುಂದಿನ ಶನಿವಾರದೊಳಗೆ ಮನೆ ಸೇರಬೇಕು. ದಾರಿಯ ದಿನಗಳನ್ನು ಕಳೆದರೆ ದಿಲ್ಲಿಯಲ್ಲಿ ಕೈಗೆ ಉಳಿಯುವುದು ಐದು ದಿನ.

ಐದು ದಿನದಲ್ಲಿ ದಿಲ್ಲಿ ಮುಗಿಯುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಮೊದಲು ಬರೆದ ಪಟ್ಟಿಯಲ್ಲಿ ಇಪ್ಪತ್ತಮೂರು ಜಾಗಗಳಿದ್ದವು, ಆಗ್ರಾ ಬೇರೆ. ಒಂದು ಭಾನುವಾರ ಊಟಕ್ಕೆ ಕುಳಿತಾಗ ಆ ಪಟ್ಟಿಯನ್ನು ಓದಿ ಹೇಳಿದೆ. ಅತ್ತೆ ಕೇಳಿದರು: "ಇಷ್ಟೆಲ್ಲ ನೋಡಿ ಬಂದವರು ಏನು ನೋಡಿದೆವು ಅಂತ ಹೇಳುತ್ತಾರವ್ವಾ?" ನನ್ನಲ್ಲಿ ಉತ್ತರವಿರಲಿಲ್ಲ. ಪಟ್ಟಿಯನ್ನು ಹರಿದು, ಒಬ್ಬರಿಗೆ ಒಂದೇ ಜಾಗ ಎಂದು ತೀರ್ಮಾನಿಸಿದೆವು. ಯಾರು ಕೇಳಿದ ಜಾಗಕ್ಕೆ ಹೋದರೂ ಉಳಿದ ನಾಲ್ವರು ಗೊಣಗದೆ ಜೊತೆಗಿರಬೇಕು. ಮಗಳು ರಾಷ್ಟ್ರಪತಿ ಭವನದ ತೋಟ ಎಂದಳು. ಮಗ ರೈಲು ಎಂದ. ಮನೆಯವರು ಕೆಂಪು ಕೋಟೆ ಎಂದರು. ನಾನು ಕುತುಬ್ ಮಿನಾರಿನ ಅಂಗಳದಲ್ಲಿರುವ ತುಕ್ಕು ಹಿಡಿಯದ ಕಬ್ಬಿಣದ ಕಂಬ ಕೇಳಿದೆ. ಅತ್ತೆ ಮಾತ್ರ ನಮಗಾರಿಗೂ ಹೊಳೆಯದ ಹೆಸರು ಹೇಳಿದರು: ಚಿರಾಗ್ ದಿಲ್ಲಿ.

ಅದರ ಹಿನ್ನೆಲೆ ಹೇಳಬೇಕು. ಕಲಬುರಗಿಯ ಅನೇಕರಂತೆ ನಮ್ಮ ಅತ್ತೆಯೂ ಶರಣಬಸವೇಶ್ವರರ ಗುಡಿಗೆ ಎಷ್ಟು ಭಕ್ತಿಯಿಂದ ನಡೆದುಕೊಳ್ಳುತ್ತಾರೋ ಸೂಫಿ ಸಂತ ಖ್ವಾಜಾ ಬಂದೇನವಾಜರ ದರ್ಗಾಕ್ಕೂ ಅಷ್ಟೇ ಭಕ್ತಿಯಿಂದ ಹೋಗುತ್ತಾರೆ. ಬಂದೇನವಾಜರು ದಿಲ್ಲಿಯಿಂದ ಬಂದವರು. 1398ರಲ್ಲಿ ತೈಮೂರ ದಿಲ್ಲಿಯ ಮೇಲೆ ಬಿದ್ದಾಗ ಊರು ಬಿಟ್ಟು ದಕ್ಷಿಣಕ್ಕೆ ನಡೆದು, ಕೊನೆಗೆ ಬಹಮನಿ ಅರಸ ಫಿರೋಜ್ ಶಾಹನ ಕಾಲದಲ್ಲಿ ನಮ್ಮೂರಿಗೆ ಬಂದು ನೆಲೆಸಿದರು. 1422ರಲ್ಲಿ ಇಲ್ಲೇ ತೀರಿಕೊಂಡರು. ಅವರ ಗುರು ನಾಸಿರುದ್ದೀನ್ ಚಿರಾಗ್ ದೆಹಲವಿ. ಅವರ ದರ್ಗಾ ದಕ್ಷಿಣ ದಿಲ್ಲಿಯಲ್ಲಿದೆ, ಆ ಬಡಾವಣೆಗೆ ಅವರದೇ ಹೆಸರು. "ಶಿಷ್ಯನನ್ನು ದಿನಾ ನೋಡುತ್ತೇವೆ, ಗುರುವನ್ನು ಒಮ್ಮೆ ನೋಡಬೇಡವೇ?" ಎಂದರು ಅತ್ತೆ. ಆ ಮಾತಿನಿಂದ ನಮ್ಮ ಇಡೀ ಪ್ರವಾಸಕ್ಕೆ ಬೇರೆಯೇ ಅರ್ಥ ಬಂತು. ಹೊರಡುವ ಹಿಂದಿನ ಭಾನುವಾರ ಮಕ್ಕಳನ್ನು ಮೊದಲು ನಮ್ಮೂರಿನ ಕೋಟೆಗೆ ಕರೆದೊಯ್ದೆ. 1367ರ ಜಾಮಾ ಮಸೀದಿ, ಕೋಟೆಯಿಂದ ದೂರವಿಲ್ಲದ ಬಹಮನ್ ಶಾಹನ ಗೋರಿ, ಮುಂದಿನ ಬಹಮನಿ ಅರಸರ ಗೋರಿಗಳಿರುವ ಹಫ್ತ್ ಗುಂಬಜ್ ತೋರಿಸಿದೆ. 1347ರಲ್ಲಿ ದಿಲ್ಲಿಯ ತುಘಲಕರಿಂದ ಬೇರೆಯಾಗಿ ನಮ್ಮೂರು ತಾನೇ ರಾಜಧಾನಿಯಾಗಿತ್ತು ಎಂದಾಗ ಮಗ ನಂಬಲಿಲ್ಲ. ಮಗಳು ಬಹಮನ್ ಶಾಹನ ಗೋರಿಯ ಗೋಡೆಗಳು ಒಳಕ್ಕೆ ವಾಲಿರುವುದನ್ನು ನೋಡಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡಳು. ಅದು ಮುಂದೆ ಉಪಯೋಗಕ್ಕೆ ಬಂತು.

ಇನ್ನು ಟಿಕೆಟಿನ ವಿಷಯ. ಈಗ ರೈಲು ಕಾಯ್ದಿರಿಸುವಿಕೆ ತೆರೆಯುವುದು ಪ್ರಯಾಣಕ್ಕೆ 60 ದಿನ ಮೊದಲು. 2024ರ ನವೆಂಬರಿಗೆ ಮುಂಚೆ 120 ದಿನವಿತ್ತು. ಆ ದಿನ ಬೆಳಿಗ್ಗೆ ಎಂಟಕ್ಕೆ ನಾನು ಪ್ರಯೋಗಾಲಯದ ಹೊರಗೆ ಮೊಬೈಲ್ ಹಿಡಿದು ನಿಂತಿದ್ದೆ. ಕರ್ನಾಟಕ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ಸಂಜೆ ಹೊರಟು ನಮ್ಮಲ್ಲಿಗೆ ಬೆಳಗಿನ ಜಾವ ಬರುತ್ತದೆ, ಮರುದಿನ ಬೆಳಿಗ್ಗೆ ಹೊಸದಿಲ್ಲಿ. ಒಂದು ವಿಷಯವನ್ನು ವಯಸ್ಸಾದವರಿರುವ ಮನೆಯವರೆಲ್ಲ ತಿಳಿದಿರಲಿ: ಅತ್ತೆಯ ಟಿಕೆಟನ್ನು ನಾನು ಬೇರೆಯಾಗಿಯೇ ತೆಗೆದೆ. ಹಿರಿಯರಿಗೆಂದು ಇರುವ ಕೆಳ ಬರ್ತಿನ ಕೋಟಾ, ಅವರು ಒಬ್ಬರೇ ಅಥವಾ ಅಂಥ ಇಬ್ಬರು ಮಾತ್ರ ಇರುವ ಟಿಕೆಟಿಗೆ ಅನ್ವಯಿಸುತ್ತದೆ. ಐವರನ್ನೂ ಒಂದೇ ಟಿಕೆಟಿನಲ್ಲಿ ಸೇರಿಸಿದ್ದರೆ ಆ ಅನುಕೂಲ ಕೈತಪ್ಪುತ್ತಿತ್ತು. ಏಳು ವರ್ಷದ ಮಗನಿಗೂ ಪೂರ್ತಿ ದರ ಕೊಟ್ಟು ಬರ್ತು ತೆಗೆದೆ. ಅರ್ಧ ದರ ಕೊಟ್ಟರೆ ಬರ್ತು ಸಿಗುವುದಿಲ್ಲ, ಒಂದು ಹಗಲು ಒಂದು ರಾತ್ರಿಯ ದಾರಿಯಲ್ಲಿ ಮಗುವನ್ನು ಪಕ್ಕದಲ್ಲಿ ಒತ್ತಿಕೊಂಡು ಮಲಗುವುದು ಉಳಿತಾಯವಲ್ಲ.

ಬುತ್ತಿ ಅತ್ತೆಯ ಜವಾಬ್ದಾರಿ. ಐವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಒಂದು ಡಬ್ಬಿ ಮಾದಲಿ. ಅಷ್ಟು ರೊಟ್ಟಿ ಯಾಕೆ ಎಂದು ನಾನು ವಾದಿಸಿದ್ದೆ. ದಿಲ್ಲಿಯಲ್ಲಿ ಯಾವ ಗಲ್ಲಿಗೆ ಹೋದರೂ ಗಟ್ಟಿ ಮೊಸರು ಸಿಗುತ್ತದೆ. ರೊಟ್ಟಿಯನ್ನು ಮುರಿದು ಮೊಸರಿಗೆ ಹಾಕಿ, ಮೇಲೆ ಹಿಂಡಿ ಉದುರಿಸಿದರೆ ರಾತ್ರಿಯ ಊಟ ಮುಗಿಯಿತು. ನಾಲ್ಕು ರಾತ್ರಿಯೂ ಹೋಟೆಲ್ ಹುಡುಕುವ ಅಲೆದಾಟ ತಪ್ಪಿತು, ಯಾರ ಹೊಟ್ಟೆಯೂ ಕೆಡಲಿಲ್ಲ.

ರೈಲಿನಲ್ಲಿ ಕಳೆದ ದಿನವೇ ನನಗೆ ಬೇಕಾಗಿದ್ದ ವಿಶ್ರಾಂತಿ. ಮನೆಯವರು ಸೊಲ್ಲಾಪುರ ದಾಟುವ ತನಕ ಮಿಲ್ಲಿಗೆ ಫೋನು ಮಾಡುತ್ತಿದ್ದರು, ಆಮೇಲೆ ಮಗನ ಜೊತೆ ಚೌಕಾಬಾರಕ್ಕೆ ಕುಳಿತರು. ಇಟಾರ್ಸಿ ದಾಟಿದ ಮೇಲೆ ನರ್ಮದೆ ಬಂದಾಗ ಕತ್ತಲು. ಅತ್ತೆ ಬಾಗಿಲ ಬಳಿ ನಿಂತು ಕೈಮುಗಿದರು, ನೀರು ಕಾಣದಿದ್ದರೂ ಸೇತುವೆಯ ಸದ್ದಿನಿಂದಲೇ ನದಿ ಎಷ್ಟು ಅಗಲವೆಂದು ತಿಳಿಯಿತು. ಬೆಳಿಗ್ಗೆ ಎದ್ದಾಗ ಚಂಬಲ್ ಕಣಿವೆಯ ಮಣ್ಣಿನ ಕೊರಕಲುಗಳು. ಮಕ್ಕಳಿಬ್ಬರೂ ಮೊಬೈಲನ್ನು ಕೆಳಗಿಟ್ಟು ಕಿಟಕಿಗೆ ಅಂಟಿಕೊಂಡದ್ದನ್ನು ನೋಡಿ ನನಗೆ ಹೊಟ್ಟೆ ತುಂಬಿತು.

ಮೊದಲ ಪೆಟ್ಟು ಬಿದ್ದದ್ದು ವಸತಿಯಲ್ಲಿ. ಕರೋಲ್‌ಬಾಗಿನಲ್ಲಿ ಕಾಯ್ದಿರಿಸಿದ್ದ ಕೋಣೆಗಳು ಮೂರನೇ ಮಹಡಿಯಲ್ಲಿದ್ದವು, ಲಿಫ್ಟ್ ಇರಲಿಲ್ಲ. ಫೋಟೋದಲ್ಲಿ ಮಂಚ, ಪರದೆ, ಕನ್ನಡಿ ಎಲ್ಲ ಕಂಡಿದ್ದವು, ಮೆಟ್ಟಿಲು ಕಂಡಿರಲಿಲ್ಲ. ತಪ್ಪು ನನ್ನದು; ಒಂದು ಫೋನು ಮಾಡಿ ಕೇಳಬೇಕಿತ್ತು. ಅತ್ತೆ ಏನೂ ಅನ್ನದೆ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ನನಗೆ ಸಂಕಟವಾಯಿತು. ಅಲ್ಲೇ ಬೀದಿಯಲ್ಲಿ ಒಂದು ಗಂಟೆ ಅಲೆದು, ನೆಲಮಹಡಿಯಲ್ಲಿ ಕೋಣೆಗಳಿರುವ ಇನ್ನೊಂದು ವಸತಿ ಹಿಡಿದೆವು. ಮೊದಲ ರಾತ್ರಿಯ ಬಾಡಿಗೆ ಹೋಯಿತು.

ಅಂದು ಭಾನುವಾರ. ಮರುದಿನ ಸೋಮವಾರ ಕೆಂಪು ಕೋಟೆ, ರೈಲು ವಸ್ತುಸಂಗ್ರಹಾಲಯ, ರಾಷ್ಟ್ರಪತಿ ಭವನದ ತೋಟ ಮೂರೂ ಮುಚ್ಚಿರುತ್ತವೆ. ಕುತುಬ್ ಎಲ್ಲ ದಿನವೂ ತೆರೆದಿರುತ್ತದೆ. ಹೀಗಾಗಿ ಸೋಮವಾರಕ್ಕೆ ನನ್ನ ಮತ್ತು ಅತ್ತೆಯ ಪಾಲನ್ನು ಇಟ್ಟಿದ್ದೆ. ಪ್ರತಿ ದಿನಕ್ಕೂ ಒಂದೇ ನಿಯಮ: ಬೆಳಿಗ್ಗೆ ಎಂಟಕ್ಕೆ ಹೊರಡುವುದು, ಒಂದರೊಳಗೆ ಕೋಣೆಗೆ ಮರಳುವುದು, ನಾಲ್ಕರವರೆಗೆ ನಿದ್ದೆ. ಸಂಜೆ ಇಷ್ಟವಿದ್ದರೆ ಮಾತ್ರ ಹೊರಗೆ.

ಮೆಟ್ರೋದಲ್ಲಿ ಮೊದಲ ಡಬ್ಬಿ ಹೆಂಗಸರಿಗೆ ಮೀಸಲು. ನಾನು, ಅತ್ತೆ, ಮಗಳು ಅದರಲ್ಲಿ. ಅಪ್ಪ ಮಗ ಪಕ್ಕದ ಡಬ್ಬಿಯಲ್ಲಿ. ಇಳಿಯುವ ನಿಲ್ದಾಣದ ಹೆಸರನ್ನು ಮಗನ ಅಂಗೈಯ ಮೇಲೆ ಬರೆದಿದ್ದೆ. ಕುತುಬ್ ಮಿನಾರಿನಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟಿಲ್ಲ. ಮಿನಾರು ಸುಮಾರು 73 ಮೀಟರು, ಎಲ್ಲರ ಕಣ್ಣೂ ಮೇಲಕ್ಕೇ. ನಾನು ಮಾತ್ರ ಕಂಬದ ಮುಂದೆ ನಿಂತೆ. ಏಳು ಮೀಟರಿಗೂ ಮಿಕ್ಕಿದ ಎತ್ತರ, ಸುಮಾರು 1,600 ವರ್ಷ ಹಳೆಯದು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದ ಮೇಲ್ಮೈಯಲ್ಲಿ ತೆಳುವಾದ ಪದರ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ದಿನವೂ ರಕ್ತದಲ್ಲಿ ಕಬ್ಬಿಣದ ಅಂಶ ಅಳೆಯುವ ನನಗೆ ಅದರ ಮುಂದೆ ಬಹಳ ಹೊತ್ತು ನಿಲ್ಲಬೇಕೆನಿಸಿತು, ಮನೆಯವರು ಯಾರೂ ಅವಸರ ಮಾಡಲಿಲ್ಲ.

ಅಲ್ಲಿಂದ ಹೌಜ್ ಖಾಸ್‌ನಲ್ಲಿ ಮಾರ್ಗ ಬದಲಿಸಿ ಎರಡನೇ ನಿಲ್ದಾಣ ಚಿರಾಗ್ ದಿಲ್ಲಿ. ಹೊರಗೆ ಬಂದು ಆಟೋದವನಿಗೆ ಅತ್ತೆಯೇ ದಾರಿ ಕೇಳಿದರು. ಕಲಬುರಗಿಯವರಿಗೆ ದಿಲ್ಲಿಯಲ್ಲಿ ಭಾಷೆಯ ತೊಡಕಿಲ್ಲ. ನಮ್ಮ ಬಜಾರದ ದಖನಿ ಅಲ್ಲಿಯವರಿಗೆ ಚೆನ್ನಾಗಿಯೇ ತಿಳಿಯುತ್ತದೆ. ಇಕ್ಕಟ್ಟಾದ ಗಲ್ಲಿಗಳ ನಡುವೆ ದರ್ಗಾ. ಪ್ರವಾಸಿಗರ ಸುಳಿವೇ ಇರಲಿಲ್ಲ, ನೆರಳಿನಲ್ಲಿ ನಾಲ್ಕೈದು ಜನ ಕುಳಿತಿದ್ದರು. ಎಲ್ಲಿಂದ ಬಂದಿರಿ ಎಂದು ಹಿರಿಯರೊಬ್ಬರು ಕೇಳಿದರು. ಅತ್ತೆ "ಗುಲ್ಬರ್ಗಾ" ಎಂದ ಕೂಡಲೇ ಅವರು ಎದ್ದು ನಿಂತು, ಅತ್ತೆಗೆ ತಮ್ಮ ಜಾಗ ಬಿಟ್ಟುಕೊಟ್ಟರು. ಅತ್ತೆ ಅಲ್ಲಿ ಕುಳಿತು ಮೊಮ್ಮಕ್ಕಳಿಗೆ ನಮ್ಮೂರಿನಲ್ಲಿ ಕೇಳಿಬಂದ ಕಥೆ ಹೇಳಿದರು: ಗುರುವಿನ ಪಲ್ಲಕ್ಕಿ ಹೊತ್ತಾಗ ಶಿಷ್ಯನ ಉದ್ದ ಕೂದಲು ಅದಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ನಿಂತರೆ ಗುರುವಿಗೆ ತೊಂದರೆಯಾದೀತೆಂದು ನೋವು ನುಂಗಿ ನಡೆದೇ ನಡೆದರು, ಅದಕ್ಕೇ ಗೇಸುದರಾಜ್, ಅಂದರೆ ನೀಳಕೇಶದವರು, ಎಂಬ ಹೆಸರು ಬಂತು. "ಆಯಿ, ಅವರು ಇಲ್ಲೇ ನಡೆದರಾ?" ಎಂದು ಮಗ ನೆಲ ಮುಟ್ಟಿ ನೋಡಿದ. ಇಪ್ಪತ್ತಮೂರು ಜಾಗದ ಆ ಪಟ್ಟಿಯಲ್ಲಿ ಚಿರಾಗ್ ದಿಲ್ಲಿಯ ಹೆಸರೇ ಇರಲಿಲ್ಲ.

ಮಂಗಳವಾರ ಅಮೃತ ಉದ್ಯಾನ, ಮಗಳು ಕೇಳಿದ್ದ ರಾಷ್ಟ್ರಪತಿ ಭವನದ ತೋಟ. ಇದು ಪ್ರತಿ ವರ್ಷ ಫೆಬ್ರವರಿಯಿಂದ ಮಾರ್ಚ್ ಕೊನೆಯವರೆಗೆ ಸಾರ್ವಜನಿಕರಿಗೆ ತೆರೆಯುತ್ತದೆ, ಪ್ರವೇಶ ಉಚಿತ, ಆದರೆ ದಿನ ಮತ್ತು ಹೊತ್ತನ್ನು ಮೊದಲೇ ಆನ್‌ಲೈನ್‌ನಲ್ಲಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಕೆಲವು ದಿನಗಳನ್ನು ವಿಶೇಷ ವರ್ಗದವರಿಗೆ ಮೀಸಲಿಡುತ್ತಾರೆ, ಅದನ್ನು ನೋಡಿಕೊಂಡೇ ದಿನ ಆರಿಸಬೇಕು. ಮಗಳು ಹೂವುಗಳ ಹೆಸರು ಬರೆದುಕೊಳ್ಳುತ್ತ ನಡೆದಳು. ನನಗೆ ನೆನಪಿರುವುದು ದಿಲ್ಲಿಯ ರಸ್ತೆ ಬದಿಯ ಬೂರುಗದ ಮರಗಳು: ಎಲೆ ಉದುರಿದ ಕೊಂಬೆಗಳ ತುಂಬ ಅಂಗೈಯಗಲದ ಕೆಂಪು ಹೂ.

ಬುಧವಾರ ಬೆಳಿಗ್ಗೆ ಚಾಣಕ್ಯಪುರಿಯ ರೈಲು ವಸ್ತುಸಂಗ್ರಹಾಲಯ ಮಗನ ಪಾಲು. ಪಟಿಯಾಲ ಸಂಸ್ಥಾನದ ಒಂಟಿ ಹಳಿಯ ರೈಲನ್ನು ಅವನು ಮೂರು ಸುತ್ತು ಹಾಕಿ ನೋಡಿದ. ಒಂದು ಗಾಲಿ ಹಳಿಯ ಮೇಲೆ, ಇನ್ನೊಂದು ದೊಡ್ಡ ಗಾಲಿ ರಸ್ತೆಯ ಮೇಲೆ ಉರುಳುವ ಬಂಡಿ ಅದು. ಸಂಜೆ ಎಲ್ಲರಿಗೂ ಹುರುಪಿತ್ತು, ತುಘಲಕಾಬಾದಿಗೆ ಹೋದೆವು. ಘಿಯಾಸುದ್ದೀನ್ ತುಘಲಕನ ಗೋರಿಯ ಮುಂದೆ ನಿಂತ ಮಗಳು ತಟ್ಟನೆ ಮೊಬೈಲ್ ತೆಗೆದು ಕಲಬುರಗಿಯ ಚಿತ್ರ ಹುಡುಕಿದಳು. ಅದೇ ಒಳಕ್ಕೆ ವಾಲಿದ ಗೋಡೆ. ಇಲ್ಲಿ ಕೆಂಪು ಕಲ್ಲು, ಬಿಳಿಯ ಗುಮ್ಮಟ. ನಮ್ಮದು ಅದಕ್ಕಿಂತ ಚಿಕ್ಕದು, ಸರಳವಾದದ್ದು. "ಜಗಳವಾಡಿ ಬೇರೆಯಾದವರೂ ಮನೆಯನ್ನು ಮಾತ್ರ ತವರಿನ ಹಾಗೆಯೇ ಕಟ್ಟಿದರಲ್ಲಮ್ಮ," ಎಂದಳು. ಆ ಮಾತನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಗುರುವಾರ ಕೆಂಪು ಕೋಟೆ. ಅತ್ತೆ ದಿವಾನ್-ಎ-ಆಮ್‌ನ ನೆರಳಿನಲ್ಲಿ ಕುಳಿತರು, ಮನೆಯವರು ಮಕ್ಕಳನ್ನು ಕರೆದುಕೊಂಡು ಸುತ್ತಿದರು. ರಾತ್ರಿ ರೈಲು ಹತ್ತಿದೆವು. ತಾಜ್ ಮಹಲ್ ನೋಡಲಿಲ್ಲವೇ ಎಂದು ಈಗಲೂ ಎಲ್ಲರೂ ಕೇಳುತ್ತಾರೆ. ಅದಕ್ಕೆ ಒಂದು ಇಡೀ ದಿನ ಬೇಕು, ಆ ದಿನವನ್ನು ಯಾರ ಪಾಲಿನಿಂದ ಕಿತ್ತುಕೊಳ್ಳಬೇಕಿತ್ತು? ಐದು ಜನರಿಗೆ ಟಿಕೆಟು, ವಸತಿ, ಊಟ, ಓಡಾಟ ಎಲ್ಲ ಸೇರಿ ಖರ್ಚಾದದ್ದು 45 ಸಾವಿರ ರೂಪಾಯಿ, ಕಳೆದುಕೊಂಡ ಬಾಡಿಗೆಯೂ ಅದರಲ್ಲಿದೆ.

ಶುಕ್ರವಾರ ರಾತ್ರಿ ಬಹಳ ಹೊತ್ತಾದ ಮೇಲೆ ಕಲಬುರಗಿಯಲ್ಲಿ ಇಳಿದೆವು. ಶನಿವಾರ ಇಡೀ ದಿನ ಬಟ್ಟೆ ಒಗೆಯುವುದರಲ್ಲಿ, ನಿದ್ದೆಯಲ್ಲಿ ಕಳೆಯಿತು. ಆ ಒಂದು ದಿನವನ್ನು ಉಳಿಸಿಕೊಳ್ಳದಿದ್ದರೆ ಸೋಮವಾರದ ಪಾಳಿಗೆ ನಾನು ನಿಲ್ಲಲು ಆಗುತ್ತಿರಲಿಲ್ಲ. ಚಿರಾಗ್ ದಿಲ್ಲಿಯಲ್ಲಿ ಕೊಟ್ಟ ಗುಲಾಬಿ ಎಸಳುಗಳನ್ನು ಅತ್ತೆ ರೊಟ್ಟಿಯ ಖಾಲಿ ಡಬ್ಬಿಯಲ್ಲಿ ಕಟ್ಟಿಕೊಂಡು ತಂದಿದ್ದರು. ಮುಂದಿನ ಗುರುವಾರ ಮೊಮ್ಮಗನ ಕೈಹಿಡಿದುಕೊಂಡು ಬಂದೇನವಾಜರ ದರ್ಗಾಕ್ಕೆ ಹೋಗಿ, ಅವನ್ನು ಅಲ್ಲಿ ಇಟ್ಟು ಬಂದರು.