ಹನ್ನೆರಡು ವರ್ಷ ಟೊಮ್ಯಾಟೊ ಬೆಳೆದು ಮತ್ತೆ ಟೆಸ್ಟರ್ ಹಿಡಿದೆ – ನನ್ನ ಅನುಭವ

ವೈರ್‌ಮನ್ ಪರ್ಮಿಟ್ಟು, ಅಂದ್ರೆ ಕರೆಂಟ್ ಕೆಲಸ ಮಾಡೋಕೆ ಸರ್ಕಾರ ಕೊಡೋ ಅನುಮತಿ, ಲ್ಯಾಪ್ಸ್ ಆಗಿ ಇಷ್ಟು ವರ್ಷ ಆದೋನಿಗೆ ವಾಪಸ್ ಸಿಗಲ್ಲ, ಮತ್ತೆ ಐಟಿಐಗೆ ಸೇರ್ಕೋ ಹೋಗು ಅಂತ ನನಗೆ ಹೇಳಿದೋರು ಕಮ್ಮಿ ಅಂದ್ರೂ ಐದಾರು ಜನ. ಅದ್ರಲ್ಲಿ ಇಬ್ರು ಕಂಟ್ರಾಕ್ಟರ್‌ಗಳೇ. ಈಗ ಪರ್ಮಿಟ್ ನನ್ನ ಪರ್ಸಲ್ಲಿ ಐತೆ, ಆ ಇಬ್ರಲ್ಲಿ ಒಬ್ರ ಹತ್ರಾನೇ ಕೆಲಸ ಮಾಡ್ತಾ ಇದೀನಿ. ಅದಕ್ಕೇ ಬರೀತಿರೋದು.

ನಂದು 98ನೇ ಇಸ್ವಿ ಎಲೆಕ್ಟ್ರೀಷಿಯನ್ ಟ್ರೇಡು, ಎರಡು ವರ್ಷದ್ದು, ಎನ್‌ಸಿವಿಟಿ ಅಂದ್ರೆ ಕೇಂದ್ರ ಸರ್ಕಾರದ ಸರ್ಟಿಫಿಕೇಟು. 2011ರ ತನಕ ಕೋಲಾರ, ಮುಳಬಾಗಿಲು, ಚಿಂತಾಮಣಿ ಸುತ್ತ ಮನೆ ವೈರಿಂಗು, ಬೋರ್‌ವೆಲ್ ಪ್ಯಾನಲ್ಲು ಇದೇ ಕೆಲಸ. ಆಮೇಲೆ ಭಾವಮೈದನ ಮಾತು ಕೇಳಿ ಟೊಮ್ಯಾಟೊಗೆ ಬಿದ್ದೆ. ಹದಿನೈದು ಕೆಜಿ ಬಾಕ್ಸು ಐವತ್ತು ರೂಪಾಯಿಗೆ ಕೊಟ್ಟು ಗಾಡಿ ಬಾಡಿಗೆ ಕೈಯಿಂದ ಹಾಕಿ ಬಂದ ದಿನಗಳೂ ಅವೆ. ಕೊನೆಗೆ ತೋಟ ಗುತ್ತಿಗೆಗೆ ಕೊಟ್ಟು ಪರ್ಮಿಟ್‌ಗೆ ಓಡಾಡ್ತಿದ್ದೆ ನೋಡಿ, ಅದೇ 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್ಟಲ್ಲಿ ಬಾಕ್ಸು ಎರಡು ಸಾವಿರ ದಾಟ್ತು. ನಮ್ಮನೇಲಿ ಇವತ್ತಿಗೂ ಆ ಮಾತು ಎತ್ತದ ಹಬ್ಬ ಇಲ್ಲ.

ಮೊದ್ಲು ನರಸಾಪುರ ಕಡೆ ಒಂದು ಫ್ಯಾಕ್ಟರಿಗೆ ಮೇಂಟೆನೆನ್ಸ್ ಕೆಲಸ ಕೇಳ್ಕೊಂಡು ಹೋದೆ. ಎಚ್‌ಆರ್ ಹುಡುಗಿ ನನ್ನ ಸರ್ಟಿಫಿಕೇಟ್ ನಂಬರ್ ಕಂಪ್ಯೂಟರ್‌ಗೆ ಹಾಕಿ ಬರ್ತಿಲ್ಲ ಅಂಕಲ್ ಅಂದ್ಲು. ನಂದು ಡೂಪ್ಲಿಕೇಟ್ ಅನ್ನೋ ಥರ ಮುಖ ಮಾಡಿದ್ಲು ಪಾಪ. ಆಮೇಲೆ ಗೊತ್ತಾಯ್ತು, ಆನ್‌ಲೈನ್ ಸರ್ಟಿಫಿಕೇಟ್ ಇದ್ದಿದ್ದು 2014ರಿಂದ ಸೇರಿದೋರಿಗೆ, ನಮ್ಮ ಕಾಲದೋರ ಹೆಸರು ಆವಾಗ ಅಲ್ಲಿ ಬರ್ತಿರಲಿಲ್ಲ. ಓದಿದ ಐಟಿಐಗೆ ಹೋಗಿ ಹಳೇ ರಿಜಿಸ್ಟರ್ ತೆಗೆಸಿ ಪ್ರಿನ್ಸಿಪಾಲರ ಹತ್ರ ಲೆಟರ್‌ಹೆಡ್ ಮೇಲೆ ಬರೆಸ್ಕೊಂಡು ಬಂದೆ. ಮೂರು ಸಲ ಹೋಗ್ಬೇಕಾಯ್ತು, ಬಸ್ ಚಾರ್ಜು ಬಿಟ್ರೆ ಖರ್ಚೇನಿಲ್ಲ.

ಐಟಿಐ ಇದ್ರೆ ಸಾಕಲ್ವಾ ಅಂತ ಈಗಿನ ಹುಡುಗ್ರು ಕೇಳ್ತಾರೆ. ಸಾಕಾಗಲ್ಲ ಕಣ್ರಪ್ಪಾ. ನಮ್ಮಲ್ಲಿ ವೈರ್‌ಮನ್ ಪರ್ಮಿಟ್ಟು, ಸೂಪರ್‌ವೈಸರ್ ಪರ್ಮಿಟ್ಟು, ಕಂಟ್ರಾಕ್ಟರ್ ಲೈಸೆನ್ಸು ಎಲ್ಲಾ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ಬರ್ಬೇಕು, ಬೆಸ್ಕಾಂ ಕೊಡೋದಲ್ಲ. ಹೊಸ ಮೀಟರ್‌ಗೆ ಕಂಪ್ಲೀಷನ್ ರಿಪೋರ್ಟ್ (ವೈರಿಂಗ್ ಮುಗೀತು ಅನ್ನೋ ಕಾಗದ) ಹಾಕ್ಬೇಕಾದ್ರೆ ಲೈಸೆನ್ಸ್ ಇರೋ ಕಂಟ್ರಾಕ್ಟರ್ ಸೈನ್ ಬೇಕೇ ಬೇಕು, ಅವರ ಕೈಕೆಳಗೆ ಕೆಲಸ ಮಾಡೋನ ಹತ್ರ ಪರ್ಮಿಟ್ ಇರ್ಬೇಕು. 1956ರ ರೂಲ್ಸಲ್ಲೂ ಇತ್ತು ಇದು, 2010ರದ್ರಲ್ಲೂ ಇತ್ತು, 2023ರ ಹೊಸ ಸಿಇಎ (ಕೇಂದ್ರ ವಿದ್ಯುತ್ ಪ್ರಾಧಿಕಾರ) ರೆಗ್ಯುಲೇಷನ್ ಬಂದ್ಮೇಲೂ ತಪ್ಪಿಲ್ಲ.

ಇಲ್ಲಿ ನಾನು ಮಾಡಿದ ದಡ್ಡತನ. ಒಬ್ಬ ಏಜೆಂಟು ಹದಿನೆಂಟು ಸಾವಿರಕ್ಕೆ ಎಲ್ಲಾ ಮಾಡಿಸ್ಕೊಡ್ತೀನಿ ಅಂದ, ಐದು ಸಾವಿರ ಅಡ್ವಾನ್ಸ್ ಕೊಟ್ಟೆ, ಎರಡು ತಿಂಗಳು ಇವತ್ತು ನಾಳೆ ಅಂದ, ಆಮೇಲೆ ಫೋನ್ ಸ್ವಿಚ್ ಆಫ್. ಹೋಗ್ಲಿ ಅಂತ ನಾನೇ ಪರಿವೀಕ್ಷಣಾಲಯಕ್ಕೆ ಹೋದೆ. ಹಳೇದು ರಿನ್ಯೂವಲ್ ಆಗಲ್ಲ ಹೊಸದಾಗೇ ಅರ್ಜಿ ಹಾಕಿ ಅಂದ್ರು, ಹಾಕ್ದೆ, ವಾಪಸ್ ಬಂತು. ತಪ್ಪು ಅವರ್ದಲ್ಲ, ನಮ್ಮಪ್ಪಂದು. ಎಸ್ಸೆಸ್ಸೆಲ್ಸಿಲಿ ಅಪ್ಪನ ಹೆಸರು ಮುನಿಯಪ್ಪ, ಐಟಿಐಲಿ ಮುನಿವೆಂಕಟಪ್ಪ, ಆಧಾರಲ್ಲಿ ಮುನಿವೆಂಕಟಯ್ಯ. ಮೂರು ಅಪ್ಪಂದಿರು ನಂಗೆ! ಅಫಿಡವಿಟ್ಟು, ನೋಟರಿ, ಆಧಾರ್ ತಿದ್ದುಪಡಿ ಅಂತ ಒಂದೂವರೆ ತಿಂಗಳು ಹೋಯ್ತು. ಏಜೆಂಟ್ ನುಂಗಿದ್ದು ಬಿಟ್ರೆ ಜೆರಾಕ್ಸು, ನೋಟರಿ, ಓಡಾಟ, ಊಟ ಎಲ್ಲಾ ಸೇರಿ ನಾಲ್ಕು ನಾಲ್ಕೂವರೆ ಸಾವಿರದೊಳಗೆ ಮುಗೀತು. ಕಾಗದ ಯಾವ ಆರ್ಡರಲ್ಲಿ ಜೋಡಿಸಿ, ಯಾವ ಕವರಿಂಗ್ ಲೆಟರ್ ಇಟ್ರೆ ಎರಡನೇ ಸಲ ವಾಪಸ್ ಬರಲಿಲ್ಲ ಅನ್ನೋದನ್ನ ಇಲ್ಲಿ ಬರೆಯಲ್ಲ, ಅದಕ್ಕೆ ನಾನು ಐದು ಸಾವಿರ ಕಟ್ಟಿದೀನಿ.

ಮಧ್ಯದಲ್ಲಿ ಆರ್‌ಪಿಎಲ್ ಅಂತಾರಲ್ಲ, ಕೆಲಸ ಗೊತ್ತಿರೋರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋದು, ಅದನ್ನೂ ಮಾಡ್ಕೊಂಡೆ. ದುಡ್ಡು ತಗೊಳ್ಳಲಿಲ್ಲ. ಪರ್ಮಿಟ್ ಬದ್ಲು ಅದು ನಡೆಯಲ್ಲ, ಆದ್ರೆ ಎಚ್‌ಆರ್‌ನೋರಿಗೆ ಹೊಸ ಡೇಟ್ ಇರೋ ಕಾಗದ ಕಂಡ್ರೆ ಖುಷಿ.

ಕಾಗದ ಆಯ್ತು, ಕೈ? ಅದೇ ನೋಡಿ ನನ್ನ ಮಾನ ಕಳ್ದಿದ್ದು. ಚಿಂತಾಮಣೀಲಿ ಒಂದು ಮನೆ, ಹೊಸದಾಗಿ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಬೀಳೋ ಸ್ವಿಚ್ಚು) ಹಾಕಿದಾರೆ, ರೂಮಿನ ಫ್ಯಾನ್ ಹಾಕಿದ್ ಕೂಡ್ಲೇ ಹಾಲಿಂದು ಬೀಳುತ್ತೆ. ಫ್ಯಾನ್ ಬಿಚ್ಚಿದೆ, ಕೆಪಾಸಿಟರ್ ಬದಲಾಯಿಸಿದೆ, ಆರ್‌ಸಿಸಿಬಿನೇ ಡಿಫೆಕ್ಟು ಅಂತ ಎರಡು ಸಾವಿರ ಚಿಲ್ಲರೆ ಕೊಟ್ಟು ಇನ್ನೊಂದು ತಂದೆ, ಅದೂ ಬಿತ್ತು. ಮೆಗ್ಗರ್ (ಇನ್ಸುಲೇಷನ್ ನೋಡೋ ಮೀಟರು) ಹಾಕಿದ್ರೆ ಇನ್ಸುಲೇಷನ್ ಬಂಗಾರದಂಗೈತೆ. ಸಂಜೆ ಹೊತ್ತಿಗೆ ಬಾಗಿಲ ಮೇಲಿನ ಜಂಕ್ಷನ್ ಬಾಕ್ಸ್ ಬಿಚ್ಚಿದ್ರೆ ನಾಲ್ಕು ಕಪ್ಪು ವೈರು ಒಟ್ಟಿಗೆ ತಿರುಚಿ ಟೇಪ್ ಸುತ್ತವ್ರೆ. ಫ್ಯಾನಿಗೆ ಫೇಸು ಇನ್ವರ್ಟರ್ ಲೈನಿಂದ ಬೇರೆ ಕಡೆ ಬರ್ತಿದೆ, ನ್ಯೂಟ್ರಲ್ ಮಾತ್ರ ಹಾಲ್ ಆರ್‌ಸಿಸಿಬಿ ಮೇಲೆ ವಾಪಸ್. ಅದು ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿ ಆಂಪ್ ವ್ಯತ್ಯಾಸ ಆದ್ರೆ ಬೀಳೋ ಐಟಮ್ಮು, ಫ್ಯಾನು ಎಳೆಯೋದು 300ರ ಹತ್ರ, ಬೀಳದೆ ಇನ್ನೇನು. ಆ ಟೇಪ್ ಸುತ್ತಿರೋ ಸ್ಟೈಲ್ ಎಲ್ಲೋ ನೋಡಿದಂಗಿದ್ಯಲ್ಲ ಅಂತ ಯೋಚನೆ ಮಾಡ್ತಿದ್ದೆ, ಮನೆ ಅಜ್ಜಿ ಕಾಫಿ ಕೊಡ್ತಾ "ಏನಪ್ಪಾ, 2008ರಲ್ಲಿ ವೈರಿಂಗ್ ಮಾಡಿದ್ದು ನೀನೇ ಅಲ್ವಾ" ಅಂದ್ರು. ಆವಾಗೆಲ್ಲ ಒಂದೇ ನ್ಯೂಟ್ರಲ್ ಎಲ್ಲಾ ಕಡೆ ಲೂಪ್ ಮಾಡ್ತಿದ್ವಿ, ಹಳೇ ವೈರ್‌ಮನ್‌ಗಳೇ, ನೀವೂ ಮಾಡಿದೀರ, ಸುಮ್ನೆ ಒಪ್ಕೊಳ್ಳಿ. ಆ ದಿನ ಕೂಲಿ ತಗೊಳ್ಳಲಿಲ್ಲ. ಈಗ ಇಂಥ ನ್ಯೂಟ್ರಲ್ ಹತ್ತು ನಿಮಿಷದಲ್ಲಿ ಹಿಡೀತೀನಿ, ಹೆಂಗೆ ಅಂತ ಕೇಳ್ಬೇಡಿ.

ಆ ಹುಚ್ಚಲ್ಲೇ ಅರ್ತಿಂಗ್ ಪ್ರಯೋಗಾನೂ ಮಾಡ್ದೆ, ನಮ್ಮ ತೋಟದ ಮನೇಲೇ. ಅರ್ತ್ ಟೆಸ್ಟರ್ ಗೆಳೆಯಂದು. ನಮ್ಮ ಕಡೆ ಜಲ್ಲಿ ಮಣ್ಣು, ಎರಡಾಳು ಕೆಳಗೆ ಬಂಡೆ. ಹತ್ತಡಿ ರಾಡು, ಏಪ್ರಿಲ್‌ನಲ್ಲಿ ಇಪ್ಪತ್ತೆರಡು ಓಮೋ ಏನೋ ತೋರಿಸ್ತು, ಇದು ಕಮ್ಮಿ ಆದಷ್ಟೂ ಒಳ್ಳೇದು. ನಾಲ್ಕು ಬಿಂದಿಗೆ ನೀರು ಹುಯ್ದ್ರೆ ಒಂಬತ್ತು, ವಾರಕ್ಕೆ ಮತ್ತೆ ಹದಿನೆಂಟು. ಎರಡನೇ ರಾಡನ್ನ ಪಕ್ಕದಲ್ಲೇ ಮೂರಡಿಗೆ ಹೊಡೆದೆ, ಏನೂ ಪ್ರಯೋಜನ ಇಲ್ಲ. ಕಿತ್ತು ಇಪ್ಪತ್ತಡಿ ದೂರ ಹೊಡೆದು, ಸುತ್ತ ಬೆಂಟೊನೈಟ್ (ತೇವ ಹಿಡಿಯೋ ಜೇಡಿಮಣ್ಣು) ತುಂಬಿ ಎರಡೂ ಸೇರಿಸಿದ ಮೇಲೆ ಐದರ ಹತ್ರ ಬಂತು. ಉಪ್ಪು ಇದ್ದಿಲು ಹಾಕಿದ ಹಳೇ ಅರ್ತ್ ಗುಂಡಿ ಅಗೆದ್ರೆ ಜಿಐ ಪೈಪು ಥ್ರೆಡ್ ಹತ್ರ ಕೈಯಲ್ಲೇ ಮುರೀತು.

ಈಗ ದಿನಕ್ಕೆ ಸಾವಿರದ ನೂರು. ಪಿಎಂ ಸೂರ್ಯಘರ್ ಅನ್ನೋ ಮನೆ ಸೋಲಾರ್ ಯೋಜನೆ ಬಂದ್ಮೇಲೆ ಸೋಲಾರ್ ಕೆಲಸಾನೂ ಸಿಗ್ತಿದೆ, ಮೂರು ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಅಂದ ಕೂಡ್ಲೇ ಮೇಷ್ಟ್ರುಗಳೆಲ್ಲ ಮಹಡಿ ಅಳೆಸ್ತಾವ್ರೆ, ಅಂಥ ದಿನ ಇನ್ನೂರು ಮುನ್ನೂರು ಜಾಸ್ತಿ. ಸೂಪರ್‌ವೈಸರ್ ಪರ್ಮಿಟ್‌ಗೆ ಓದ್ತಾ ಇದೀನಿ, ಕನ್ನಡಕ ಹಾಕ್ಕೊಂಡು.

ಸಿಗಲ್ಲ ಅಂದಿದ್ದ ಇನ್ನೊಬ್ಬ ಕಂಟ್ರಾಕ್ಟರು ಹೋದ ವಾರ ಫೋನ್ ಮಾಡಿದ್ರು. ಅಳಿಯ ದುಬೈಯಿಂದ ವಾಪಸ್ ಬಂದವ್ನಂತೆ, ಪರ್ಮಿಟ್ ಹೋಗಿ ಎಂಟು ವರ್ಷ ಆಯ್ತಂತೆ, ಹೆಂಗೆ ಮಾಡಿದೆ ಹೇಳೋ ಅಂತ. ಮೊದ್ಲು ನಿಮ್ಮ ಅಳಿಯನ ಅಪ್ಪನ ಹೆಸರು ಎಷ್ಟು ಥರ ಐತೆ ನೋಡ್ಕೊಂಡು ಫೋನ್ ಮಾಡಿ ಅಣ್ಣ ಅಂದೆ. ಇನ್ನೂ ಮಾಡಿಲ್ಲ.